ಲೆಕ್ಕಕ್ಕೆ ಸಿಗದ ಆರೈಕೆ

2025ರ ಜೂನ್ ಕೊನೆಗೆ ಅಮೆರಿಕದಲ್ಲಿ ಹಿರಿಯರಿಗೆ ಸರ್ಕಾರ ನಡೆಸುವ ಆರೋಗ್ಯ ವಿಮೆ ಮೆಡಿಕೇರಿನ ಆಡಳಿತ ಒಂದು ಕರಡು ನಿಯಮ ಹೊರಡಿಸಿತು. ರೋಗಿಯ ಮನೆಗೇ ಹೋಗಿ ಶುಶ್ರೂಷೆ ಮಾಡುವ ಏಜೆನ್ಸಿಗಳಿಗೆ 2026ರಲ್ಲಿ ಕೊಡುವ ಹಣವನ್ನು ಶೇ. 6.4ರಷ್ಟು, ಅಂದರೆ ಸುಮಾರು 113 ಕೋಟಿ ಡಾಲರ್, ಇಳಿಸುತ್ತೇವೆ ಎಂಬುದು ಅದರ ಸಾರ. ಏಜೆನ್ಸಿಗಳು ಹುಯಿಲೆಬ್ಬಿಸಿದವು. ನವೆಂಬರ್ ಕೊನೆಗೆ ಅಂತಿಮ ನಿಯಮ ಬಂದಾಗ ಕಡಿತ ಶೇ. 1.3ಕ್ಕೆ, ಸುಮಾರು 22 ಕೋಟಿ ಡಾಲರಿಗೆ ಇಳಿದಿತ್ತು. ಸದ್ಯ ಬದುಕಿದೆವು ಎಂದು ಉದ್ಯಮ ನಿಟ್ಟುಸಿರು ಬಿಟ್ಟಿತು. ಸುದ್ದಿ ಅಲ್ಲಿಗೆ ಮುಗಿಯಿತು.

ನಾನು ತೂಗಿ ನೋಡಬೇಕೆಂದಿರುವುದು ಆ ಶೇಕಡಾವಾರನ್ನಲ್ಲ, ಕತ್ತರಿ ಹಾಕುವ ಕ್ರಮವನ್ನು. 1997ರಿಂದ ಇಂದಿನವರೆಗೆ ಅಮೆರಿಕದಲ್ಲಿ ಅಧ್ಯಕ್ಷರು ಬದಲಾದರು, ಸಂಸತ್ತಿನ ಬಹುಮತ ಆ ಪಕ್ಷದಿಂದ ಈ ಪಕ್ಷಕ್ಕೆ ಹೊರಳಾಡಿತು, ಹಣ ಪಾವತಿಯ ಸೂತ್ರವೇ ಮೂರು ಸಲ ಹೊಸದಾಯಿತು. ಆದರೆ ನರ್ಸ್ ಬರುವುದು ನಿಂತ ಮೇಲೆ ಆ ಕೆಲಸವನ್ನು ಮಾಡುವವರು ಯಾರು ಎಂಬ ಪ್ರಶ್ನೆ ಒಂದು ಸೂತ್ರದಲ್ಲೂ ಬರಲಿಲ್ಲ. ಕೆಲಸ ಮಾತ್ರ ನಿಲ್ಲುವುದಿಲ್ಲ. ಅದು ಮಗಳ ಕೈಗೋ ಹೆಂಡತಿಯ ಕೈಗೋ ಹೋಗುತ್ತದೆ. ಸರ್ಕಾರದ ಪುಸ್ತಕದಲ್ಲಿ ಅಷ್ಟು ಹಣ ‘ಉಳಿತಾಯ’ ಎಂದು ಜಮಾ ಆಗುತ್ತದೆ.

ಸೇವೆ ಎಂಥದ್ದು ಎಂದು ಗೊತ್ತಿಲ್ಲದೆ ಕಡಿತದ ಮಾತಾಡಿ ಪ್ರಯೋಜನವಿಲ್ಲ. ಎಂಬತ್ತರ ಹತ್ತಿರದ ಮುದುಕಿಯೊಬ್ಬಳಿಗೆ ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿದೆ ಎಂದಿಟ್ಟುಕೊಳ್ಳಿ. ನಾಲ್ಕೈದು ದಿನಕ್ಕೆಲ್ಲ ಆಸ್ಪತ್ರೆ ಅವಳನ್ನು ಮನೆಗೆ ಕಳಿಸುತ್ತದೆ. ಮರುದಿನವೋ ಅದರ ಮರುದಿನವೋ ನರ್ಸ್ ತನ್ನ ಕಾರಿನಲ್ಲಿ ಬರುತ್ತಾಳೆ. ಚೀಲವನ್ನು ನೇರವಾಗಿ ಮೇಜಿನ ಮೇಲೆ ಇಡುವುದಿಲ್ಲ. ಮೊದಲು ಒಂದು ಹಾಳೆ ಹಾಸುತ್ತಾಳೆ. ಕೈ ತೊಳೆದು, ಬಿಪಿ ನೋಡಿ, ಡ್ರೆಸ್ಸಿಂಗ್ ಬಿಚ್ಚಿ ಗಾಯದ ಉದ್ದ, ಅಗಲ, ಆಳವನ್ನು ಕಾಗದದ ಅಳತೆಪಟ್ಟಿಯಲ್ಲಿ ಅಳೆಯುತ್ತಾಳೆ. ಆಮೇಲೆ ಮಾಡುವ ಕೆಲಸವೇ ಬಹಳ ಮುಖ್ಯವಾದದ್ದು. ಮನೆಯಲ್ಲಿರುವ ಮಾತ್ರೆ ಡಬ್ಬಿಗಳನ್ನೆಲ್ಲ ತರಿಸಿ ಅಡುಗೆಮನೆ ಮೇಜಿನ ಮೇಲೆ ಸಾಲಾಗಿ ಇಟ್ಟು, ಆಸ್ಪತ್ರೆಯ ಬಿಡುಗಡೆ ಚೀಟಿಯ ಜೊತೆ ಒಂದೊಂದಾಗಿ ತಾಳೆ ನೋಡುತ್ತಾಳೆ. ಹಳೆ ಬಿಪಿ ಮಾತ್ರೆ, ಹೊಸ ಬಿಪಿ ಮಾತ್ರೆ ಎರಡೂ ದಿನಾ ಹೊಟ್ಟೆ ಸೇರುತ್ತಿವೆ, ಎರಡೂ ಒಂದೇ ಔಷಧಿ, ಕಂಪನಿ ಹೆಸರು ಮಾತ್ರ ಬೇರೆ. ಇಂಥದ್ದು ಆಸ್ಪತ್ರೆಯಲ್ಲಿ ಎಷ್ಟು ದೊಡ್ಡ ಡಾಕ್ಟರಿಗೂ ಕಾಣುವುದಿಲ್ಲ, ಏಕೆಂದರೆ ಆ ಡಬ್ಬಿಗಳು ಆಸ್ಪತ್ರೆಯಲ್ಲಿ ಇರುವುದಿಲ್ಲ. ಇನ್ನೊಂದು ದಿನ ಫಿಸಿಯೋಥೆರಪಿಸ್ಟ್ ಬಂದು ಬಚ್ಚಲಮನೆಯ ಹೊಸ್ತಿಲು, ಜಾರುವ ಕಾಲೊರಸು, ಮೆಟ್ಟಿಲ ಕೈಪಿಡಿ ಎಲ್ಲವನ್ನೂ ನೋಡಿ, ಯಾವ ಕಾಲು ಮೊದಲು ಇಡಬೇಕೆಂದು ಕಲಿಸುತ್ತಾನೆ. ಹೀಗೆ ಕೆಲವು ವಾರ. ರೋಗಿ ಕೈಯಿಂದ ಒಂದು ಡಾಲರೂ ಕೊಡಬೇಕಿಲ್ಲ.

ಇದಕ್ಕೆ ಷರತ್ತುಗಳಿವೆ. ವೈದ್ಯರ ಆದೇಶ ಬೇಕು, ತರಬೇತಾದ ನರ್ಸೋ ಥೆರಪಿಸ್ಟೋ ಮಾಡಬೇಕಾದಂಥ ಕೆಲಸ ಇರಬೇಕು, ರೋಗಿ ಮನೆ ಬಿಟ್ಟು ಹೊರಡಲು ನಿಜವಾಗಿ ಕಷ್ಟಪಡುವಂತಿರಬೇಕು. ಈ ಕೊನೆಯ ಷರತ್ತಿನ ವ್ಯಾಖ್ಯಾನ ಓದಿದರೆ ನಗು ಬರುತ್ತದೆ. ಚರ್ಚಿಗೆ ಹೋಗಬಹುದು, ಕ್ಷೌರಕ್ಕೆ ಅಪರೂಪಕ್ಕೆ ಹೋಗಿಬರಬಹುದು, ಬೀದಿಯಲ್ಲಿ ಒಂದು ಸುತ್ತು ನಡೆಯಬಹುದು, ಕುಟುಂಬದ ಕೂಟಕ್ಕೆ, ಶವಸಂಸ್ಕಾರಕ್ಕೆ, ಮೊಮ್ಮಗಳ ಪದವಿ ಸಮಾರಂಭಕ್ಕೆ ಹೋಗಬಹುದು. ಆದರೆ ಇವೆಲ್ಲ ‘ಆಗೊಮ್ಮೆ ಈಗೊಮ್ಮೆ’ ಇರಬೇಕು. ಕಾಯಿಲೆಯವರು ಎಷ್ಟು ಹೊರಗೆ ಕಾಣಿಸಿಕೊಳ್ಳಬಹುದು ಎಂದು ಕೂತು ಬರೆದ ಗುಮಾಸ್ತ ಯಾರೋ ಬಹಳ ಶ್ರದ್ಧೆಯ ಮನುಷ್ಯನಿರಬೇಕು.

ಇನ್ನು, ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಶೌಚಕ್ಕೆ ಕರೆದೊಯ್ಯುವುದು ಇಷ್ಟೇ ಬೇಕಾಗಿದ್ದರೆ ಮೆಡಿಕೇರ್ ಕೊಡುವುದಿಲ್ಲ. ಅದು ಬಡವರ ಮೆಡಿಕೇಡ್ ಯೋಜನೆಯ ಪಾಲು. ಮಧ್ಯಮ ವರ್ಗದ ಎಷ್ಟೋ ಕುಟುಂಬಗಳಿಗೆ ಈ ಗೆರೆ ಗೊತ್ತಾಗುವುದು ಆಸ್ಪತ್ರೆಯಿಂದ ಅಪ್ಪನನ್ನು ಗಾಲಿಕುರ್ಚಿಯಲ್ಲಿ ಹೊರಗೆ ತರುವ ದಿನ.

1965ರಲ್ಲಿ ಮೆಡಿಕೇರ್ ಕಾಯಿದೆಯಾದಾಗಲೇ ಮನೆ ಶುಶ್ರೂಷೆ ಅದರಲ್ಲಿತ್ತು, ಆದರೆ ಆಸ್ಪತ್ರೆಯಲ್ಲಿದ್ದು ಬಂದವರಿಗೆ ವರ್ಷಕ್ಕೆ ಇಷ್ಟೇ ಭೇಟಿ ಎಂಬ ಮಿತಿಗಳೊಂದಿಗೆ. 1980ರ ಕಾಯಿದೆ ಆ ಮಿತಿಗಳನ್ನು ತೆಗೆಯಿತು. 1983ರಲ್ಲಿ ಆಸ್ಪತ್ರೆಗಳಿಗೆ ಖರ್ಚಿನ ಲೆಕ್ಕ ಬಿಟ್ಟು ಕಾಯಿಲೆಗೆ ಇಷ್ಟು ಎಂದು ಒಟ್ಟು ಮೊತ್ತ ಕೊಡುವ ಪದ್ಧತಿ ಬಂತು. ರೋಗಿ ಬೇಗ ಹೊರಟಷ್ಟೂ ಆಸ್ಪತ್ರೆಗೆ ಲಾಭ. ಅರೆವಾಸಿ ಮಾಗಿದ ಗಾಯಗಳು ಮನೆ ಸೇರತೊಡಗಿದವು. 1988ರಲ್ಲಿ ಒಂದು ನ್ಯಾಯಾಲಯದ ಮೊಕದ್ದಮೆ ಅರ್ಹತೆಯ ಅರ್ಥವನ್ನು ಸಡಿಲಿಸಿತು. ಇವೆಲ್ಲ ಸೇರಿ 1990ರಲ್ಲಿ ಸುಮಾರು 370 ಕೋಟಿ ಡಾಲರ್ ಇದ್ದ ಖರ್ಚು 1997ರ ಹೊತ್ತಿಗೆ 1,700 ಕೋಟಿಯ ಆಸುಪಾಸು ಮುಟ್ಟಿತು. ರೋಗಿಯೊಬ್ಬರಿಗೆ ವರ್ಷಕ್ಕೆ ಸರಾಸರಿ ಮೂವತ್ತುಚಿಲ್ಲರೆ ಇದ್ದ ಭೇಟಿ ಎಪ್ಪತ್ತು ದಾಟಿತು.

ಇದರಲ್ಲಿ ಕಳ್ಳತನವೂ ಇತ್ತು, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಭೇಟಿಗೆ ಇಷ್ಟು ಎಂದು ಹಣ ಸಿಗುವಾಗ ಭೇಟಿ ಹೆಚ್ಚುವುದು ಸಹಜ. ಹೋಗದ ಭೇಟಿಗೂ ಬಿಲ್ ಬರೆದವರಿದ್ದರು. 1995ರಲ್ಲಿ ಕ್ಲಿಂಟನ್ ಸರ್ಕಾರ ತನಿಖಾ ಅಭಿಯಾನವನ್ನೇ ಶುರುಮಾಡಿತು. ಆದರೆ ಕಳ್ಳರನ್ನು ಒಬ್ಬೊಬ್ಬರಾಗಿ ಹಿಡಿಯುವುದು ನಿಧಾನದ ಕೆಲಸ. 1997ರ ಆಗಸ್ಟಿನ ‘ಬ್ಯಾಲೆನ್ಸ್ಡ್ ಬಜೆಟ್ ಆ್ಯಕ್ಟ್’ ಬೇರೆ ದಾರಿ ಹಿಡಿಯಿತು.

ಆ ಕಾಯಿದೆಯ ಮಧ್ಯಂತರ ಸೂತ್ರ ಹೀಗಿತ್ತು: ಪ್ರತಿ ಏಜೆನ್ಸಿ 1994ರ ಸುಮಾರಿಗೆ ಒಬ್ಬ ರೋಗಿಗೆ ಸರಾಸರಿ ಎಷ್ಟು ಖರ್ಚು ಮಾಡಿತ್ತೋ, ಬಹುಪಾಲು ಅದರ ಆಧಾರದ ಮೇಲೇ ಅದರ ಮುಂದಿನ ಮಿತಿ. ಒಮ್ಮೆ ಯೋಚಿಸಿ ನೋಡಿ. 1994ರಲ್ಲಿ ಯಾರು ಬೇಕಾಬಿಟ್ಟಿ ಭೇಟಿ ಹೊಡೆದು ಬಿಲ್ ಮಾಡಿದ್ದರೋ ಅವರ ಮಿತಿ ಎತ್ತರದಲ್ಲಿ ನಿಂತಿತು. ಯಾರು ಕೈ ಹಿಡಿದು, ಬೇಕಾದಷ್ಟೇ ಭೇಟಿ ಮಾಡಿದ್ದರೋ ಅವರ ಮಿತಿ ನೆಲಕ್ಕೆ ಅಂಟಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ನಮ್ಮ ಗಾದೆಗೆ ಇಷ್ಟು ದೊಡ್ಡ ಸರ್ಕಾರಿ ಉದಾಹರಣೆ ಸಿಗುವುದು ಕಷ್ಟ. ದುಂದನ್ನು ನಿಲ್ಲಿಸಲು ಬಂದ ಕಾನೂನು ದುಂದುಗಾರನಿಗೆ ಅವನ ಹಳೆಯ ದುಂದನ್ನೇ ಹಕ್ಕಾಗಿ ಬರೆದುಕೊಟ್ಟಿತು.

ಇನ್ನೂ ಸಣ್ಣದೊಂದು ವಿಧಿ ಅದರಲ್ಲಿತ್ತು, ದೊಡ್ಡ ಅಂಕಿಗಳ ನಡುವೆ ಕಣ್ಣು ತಪ್ಪಿಸುವಂಥದ್ದು. ಪರೀಕ್ಷೆಗಾಗಿ ರಕ್ತ ತೆಗೆಯುವುದೊಂದೇ ನರ್ಸಿನ ಕೆಲಸವಾಗಿದ್ದರೆ, 1998ರ ಫೆಬ್ರವರಿಯಿಂದ ಆ ರೋಗಿ ಮನೆ ಸೇವೆಗೆ ಅರ್ಹನಲ್ಲ. ಕೇಳಲು ನ್ಯಾಯವೇ: ರಕ್ತ ತೆಗೆಯಲು ಪ್ರಯೋಗಾಲಯದ ಹುಡುಗ ಸಾಕು. ಆದರೆ ಆ ರಕ್ತದ ನೆಪದಲ್ಲಿ ತಿಂಗಳಿಗೊಮ್ಮೆ ಬಾಗಿಲು ತಟ್ಟುತ್ತಿದ್ದ ನರ್ಸಿನ ಹಿಂದೆ, ವಾರಕ್ಕೆರಡು ಸಲ ಸ್ನಾನ ಮಾಡಿಸಲು ಬರುವ ಸಹಾಯಕಿಯೂ ಇದ್ದಳು. ಕಾನೂನಿನ ಪ್ರಕಾರ ಮೊದಲನೆಯವಳು ಬಂದರೆ ಮಾತ್ರ ಎರಡನೆಯವಳು. ರಕ್ತದ ಸೂಜಿ ಹೋಯಿತು, ಸ್ನಾನವೂ ಹೋಯಿತು. ಒಂಟಿಯಾಗಿ ಬದುಕುವ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವ, ಕೈನಡುಗುವ ಮುದುಕರ ಮನೆಗಳಲ್ಲಿ ಆ ವರ್ಷ ನಿಂತದ್ದು ಯಾವುದು ಎಂದು ಕಾಯಿದೆ ಬರೆದವರಿಗೆ ತಿಳಿದಿತ್ತೋ ಇಲ್ಲವೋ. ತಿಳಿದೇ ಮಾಡಿದರು ಎನ್ನಲಾರೆ. ತಿಳಿದುಕೊಳ್ಳುವ ಏರ್ಪಾಡನ್ನು ಮಾಡಿಕೊಂಡಿರಲಿಲ್ಲ ಎನ್ನಬಲ್ಲೆ.

ಐದು ವರ್ಷದಲ್ಲಿ ಸುಮಾರು 1,600 ಕೋಟಿ ಡಾಲರ್ ಉಳಿಸುವುದು ಸಂಸತ್ತಿನ ಅಂದಾಜಾಗಿತ್ತು. ನಡೆದದ್ದು ಅದನ್ನೂ ಮೀರಿತು. 2000ದ ಹೊತ್ತಿಗೆ ವಾರ್ಷಿಕ ಖರ್ಚು ಅರ್ಧಕ್ಕೆ ಬಿತ್ತು. ಸೇವೆ ಪಡೆಯುವವರ ಸಂಖ್ಯೆ 35 ಲಕ್ಷದಿಂದ 25 ಲಕ್ಷಕ್ಕೆ ಇಳಿಯಿತು. ಮೂರು ಸಾವಿರದಷ್ಟು ಏಜೆನ್ಸಿಗಳು ಬಾಗಿಲು ಹಾಕಿದವು.

ಇಲ್ಲಿ ಯಾವ ಪ್ರಾಮಾಣಿಕ ವಿಮರ್ಶಕನಿಗೂ ಎದುರಾಗುವ ತೊಡಕೊಂದಿದೆ. ಇಷ್ಟು ದೊಡ್ಡ ಕಡಿತದಿಂದ ಜನ ಸತ್ತರೇ? ಆಸ್ಪತ್ರೆಗಳು ತುಂಬಿದವೇ? ಅರ್ಥಶಾಸ್ತ್ರಜ್ಞರು ಹುಡುಕಿದರು. ಆರೋಗ್ಯಕ್ಕೆ ಅಂಥ ಎದ್ದುಕಾಣುವ ಹಾನಿ ಅವರ ಅಂಕಿಗಳಲ್ಲಿ ಸಿಗಲಿಲ್ಲ. ಕಡಿತದ ಪರ ಇರುವವರು ಇದನ್ನು ಇಂದಿಗೂ ಎತ್ತಿ ತೋರಿಸುತ್ತಾರೆ: ನೋಡಿ, ಅರ್ಧಕ್ಕರ್ಧ ವ್ಯರ್ಥವೇ ಇತ್ತು, ಕಿತ್ತರೂ ಏನೂ ಆಗಲಿಲ್ಲ.

ಆಗಲಿಲ್ಲವೇ? ಬೇರೆ ಅಧ್ಯಯನಗಳು ಬೇರೆ ಕಡೆ ನೋಡಿದವು. ಒಂದು ಅಧ್ಯಯನ ಕಂಡದ್ದು ಕಡಿಮೆ ಆದಾಯದ ವೃದ್ಧರ ಮನೆಗಳಲ್ಲಿ ಬಂಧುಗಳು ಮಾಡುವ ಆರೈಕೆ ಹೆಚ್ಚಿದ್ದನ್ನು. ಇನ್ನೊಂದು ಕಂಡದ್ದು, ಸ್ವಂತವಾಗಿ ಬದುಕುತ್ತಿದ್ದ ವೃದ್ಧರು ಇತರರ ಜೊತೆ ಸೇರಿ ಬದುಕುವ ಕಡೆಗೆ ಸರಿದದ್ದನ್ನು. ಸಾವಿನ ಪಟ್ಟಿಯಲ್ಲಿ ಏನೂ ಕಾಣದಿದ್ದದ್ದು ಯಾಕೆಂದು ಇಲ್ಲಿ ತಿಳಿಯುತ್ತದೆ. ಮುದುಕಿ ಸಾಯಲಿಲ್ಲ, ಯಾಕೆಂದರೆ ಮಗಳು ಕೆಲಸದ ಗಂಟೆ ಕಡಿಮೆ ಮಾಡಿಕೊಂಡಳು. ಮುದುಕ ಮೆಟ್ಟಿಲಲ್ಲಿ ಬೀಳಲಿಲ್ಲ, ಯಾಕೆಂದರೆ ಆ ಮೆಟ್ಟಿಲಿನ ಮನೆಯನ್ನೇ ಬಿಟ್ಟ. ಕಡಿತ ರೋಗಿಗೆ ಹಾನಿ ಮಾಡಲಿಲ್ಲ ಎಂಬ ತೀರ್ಮಾನವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಅದು ಸರ್ಕಾರಕ್ಕೆ ಸಲ್ಲುವ ಸಮರ್ಥನೆಯಲ್ಲ, ಸಂಬಂಧಿಕರಿಗೆ ಸಲ್ಲುವ ಸರ್ಟಿಫಿಕೇಟು. ಹಾನಿ ತಡೆದವರಿಗೆ ಸಂಬಳ ಇರಲಿಲ್ಲವಾದ್ದರಿಂದ ಖರ್ಚೇ ಆಗಲಿಲ್ಲ ಎಂದು ಬರೆದುಕೊಂಡರು, ಅಷ್ಟೇ.

2000ದ ಅಕ್ಟೋಬರಿನಲ್ಲಿ ಹೊಸ ಸೂತ್ರ ಬಂತು: ಅರವತ್ತು ದಿನದ ಆರೈಕೆಗೆ ಒಟ್ಟು ಇಷ್ಟು. ಭೇಟಿಗಳ ಲೆಕ್ಕ ಬಿಟ್ಟದ್ದು ಬುದ್ಧಿವಂತಿಕೆಯೇ. ಆದರೆ ಥೆರಪಿ ತುಸು ಹೆಚ್ಚು ಬೇಕಾದ ರೋಗಿಗಳನ್ನು ಏಜೆನ್ಸಿಗಳು ದೂರ ತಳ್ಳದಿರಲೆಂದು, ಹತ್ತು ಥೆರಪಿ ಭೇಟಿ ಮುಟ್ಟಿದರೆ ಸಾವಿರಾರು ಡಾಲರ್ ಹೆಚ್ಚುವರಿ ಎಂದು ಸೇರಿಸಿದರು. ಪರಿಣಾಮ ಏನಾಗಬಹುದೆಂದು ನಮ್ಮ ಯಾವ ಗುತ್ತಿಗೆದಾರನೂ ನಿದ್ದೆಗಣ್ಣಲ್ಲಿ ಹೇಳಿಯಾನು. ದೇಶದ ತುಂಬ ಮೊಣಕಾಲುಗಳಿಗೆ ಸರಿಯಾಗಿ ಹತ್ತು ಭೇಟಿ ಬೇಕಾಗತೊಡಗಿದವು. ಒಂಬತ್ತಕ್ಕೆ ನಿಲ್ಲುವವರು ಅಪರೂಪವಾದರು. 2008ರಲ್ಲಿ ಗೆರೆಯನ್ನು ಆರು, ಹದಿನಾಲ್ಕು, ಇಪ್ಪತ್ತು ಎಂದು ಬದಲಿಸಿದಾಗ ಮೊಣಕಾಲುಗಳೂ ಜಾಣತನದಿಂದ ಹೊಸ ಗೆರೆಗಳಿಗೆ ಹೊಂದಿಕೊಂಡವು. ಪತ್ರಿಕೆಗಳು ಬರೆದವು, ಸೆನೆಟ್ ಸಮಿತಿ 2011ರಲ್ಲಿ ವರದಿ ಮಾಡಿತು. ಆದರೂ ಆ ಗೆರೆಗಳನ್ನು ಪೂರ್ತಿ ಅಳಿಸಲು 2020ರ ಜನವರಿವರೆಗೆ ಕಾಯಬೇಕಾಯಿತು.

2020ರಿಂದ ಜಾರಿಯಲ್ಲಿರುವುದು ಮೂರನೆಯ ಸೂತ್ರ. ಮೂವತ್ತು ದಿನದ ಅವಧಿ. ರೋಗಿ ಆಸ್ಪತ್ರೆಯಿಂದ ಬಂದನೋ ಮನೆಯಿಂದಲೇ ಬಂದನೋ, ಕಾಯಿಲೆ ಯಾವ ಗುಂಪಿನದು, ನಡೆದಾಟ ಹೇಗಿದೆ, ಜೊತೆಗಿರುವ ಇತರ ಕಾಯಿಲೆ ಯಾವುದು ಎಂದೆಲ್ಲ ನೋಡಿ 432 ವರ್ಗಗಳು. ಇದರ ಜೊತೆ ಒಂದು ವಿಚಿತ್ರ ಅಧಿಕಾರವನ್ನು ಸಂಸತ್ತು ಆಡಳಿತಕ್ಕೆ ಕೊಟ್ಟಿತು. ಹೊಸ ಸೂತ್ರ ಬಂದ ಮೇಲೆ ಏಜೆನ್ಸಿಗಳು ತಮ್ಮ ನಡವಳಿಕೆ ಹೇಗೆ ಬದಲಿಸಿಕೊಳ್ಳಬಹುದೆಂದು ಮೊದಲೇ ಊಹಿಸಿ ದರ ಇಳಿಸುವುದು; ಊಹೆಗೂ ನಡೆದದ್ದಕ್ಕೂ ವ್ಯತ್ಯಾಸ ಬಂದರೆ ವರ್ಷವರ್ಷ ಸರಿದೂಗಿಸುವುದು. 2023ರಲ್ಲಿ ಶೇ. 3.925, 2024ರಲ್ಲಿ ಶೇ. 2.890, 2025ರಲ್ಲಿ ಶೇ. 1.975 ಹೀಗೆಯೇ ಕಾಯಂ ಆಗಿ ಹೋಯಿತು. ಬೆಲೆಯೇರಿಕೆಯ ಹೆಚ್ಚಳ ಒಂದು ಕೈಯಲ್ಲಿ, ಈ ಇಳಿಕೆ ಇನ್ನೊಂದು ಕೈಯಲ್ಲಿ.

2026ರ ನಿಯಮದಲ್ಲಿ ಹೊಸದೊಂದು ಸೇರಿತು. 2020ರಿಂದೀಚೆ ಹೆಚ್ಚಾಗಿ ಕೊಟ್ಟುಬಿಟ್ಟೆವು ಎಂದು ಆಡಳಿತ ಹೇಳುವ ಹಣವನ್ನು ವಾಪಸು ಪಡೆಯುವ ತಾತ್ಕಾಲಿಕ ಕಡಿತ. ವಾಪಸು ಯಾರಿಂದ? ಅಂದು ಹೆಚ್ಚು ಪಡೆದವರಿಂದಲ್ಲ, ಇಂದು ಕೆಲಸ ಮಾಡುತ್ತಿರುವ ಎಲ್ಲರಿಂದ. ಅಂದು ಹೆಚ್ಚು ಬಾಚಿಕೊಂಡು ಅಂಗಡಿ ಮುಚ್ಚಿದವನು ಪಾರು. ನಿನ್ನೆ ಲೈಸೆನ್ಸ್ ಪಡೆದವನು ಸಾಲಗಾರ. 1997ರಲ್ಲಿ ಕಲಿಯಬೇಕಿದ್ದ ಪಾಠ ಎಷ್ಟು ಕಲಿತರೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಎದುರು ಪಕ್ಷದ ವಾದ ಬಲವಾಗಿಯೇ ಇದೆ, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಸಂಸತ್ತಿಗೆ ಸಲಹೆ ಕೊಡುವ ಮೆಡ್‌ಪ್ಯಾಕ್ ಎಂಬ ಸ್ವತಂತ್ರ ಆಯೋಗ ವರ್ಷಗಳಿಂದ ಹೇಳುತ್ತಿದೆ: ಮೆಡಿಕೇರ್ ರೋಗಿಗಳ ಮೇಲೆ ಈ ಏಜೆನ್ಸಿಗಳ ಲಾಭ ಶೇ. 20ಕ್ಕೂ ಮೇಲಿದೆ, ದರವನ್ನು ಶೇ. 7ರಷ್ಟು ಇಳಿಸಿ. ಸಾರ್ವಜನಿಕ ದುಡ್ಡಿನಲ್ಲಿ ನೂರಕ್ಕೆ ಇಪ್ಪತ್ತು ಲಾಭವೆಂದರೆ ಯಾರ ಹುಬ್ಬಾದರೂ ಏರಬೇಕಾದದ್ದೇ. ಹಳ್ಳಿಗಾಡಿನ ರೋಗಿಗಳ ಹೆಸರು ಹೇಳಿಕೊಂಡು ಸಂಸತ್ತಿನ ಬಾಗಿಲು ಕಾಯುವ ದೊಡ್ಡ ಕಂಪನಿಗಳ ಕಣ್ಣೀರನ್ನು ನಾನೂ ನಂಬುವುದಿಲ್ಲ. ಈ ವ್ಯವಹಾರದಲ್ಲಿ ಲಾಭವಿಲ್ಲದಿದ್ದರೆ ಯುನೈಟೆಡ್‌ಹೆಲ್ತ್ ಎಂಬ ವಿಮಾ ದೈತ್ಯ ಮನೆ ಶುಶ್ರೂಷೆಯ ಕಂಪನಿಗಳನ್ನು, 2023ರಲ್ಲಿ ಎಲ್‌ಎಚ್‌ಸಿಯನ್ನೂ 2025ರಲ್ಲಿ ಅಮೆಡಿಸಿಸ್ಸನ್ನೂ ಕೊಳ್ಳುತ್ತಿರಲಿಲ್ಲ.

ಆದರೆ ಸರಾಸರಿ ಎಂಬುದು ಯಾರನ್ನೂ ತೋರಿಸದ ಕನ್ನಡಿ. ಮೆಡಿಕೇರ್ ಫಲಾನುಭವಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈಗ ಖಾಸಗಿ ವಿಮಾ ಕಂಪನಿಗಳು ನಡೆಸುವ ಅಡ್ವಾಂಟೇಜ್ ಯೋಜನೆಗಳಲ್ಲಿದ್ದಾರೆ. ಅವು ಏಜೆನ್ಸಿಗಳಿಗೆ ಕೊಡುವುದು ಸರ್ಕಾರಿ ದರಕ್ಕಿಂತ ಕಡಿಮೆ. ಸರ್ಕಾರಿ ರೋಗಿಯ ಮೇಲಿನ ಲಾಭದಿಂದ ಆ ನಷ್ಟ ತುಂಬಿಕೊಳ್ಳುವ ಚಿಕ್ಕ ಏಜೆನ್ಸಿಗೂ, ಎರಡೂ ಕಡೆ ತಾನೇ ಕುಳಿತಿರುವ ವಿಮಾ ಕಂಪನಿಗೂ ಶೇ. 1.3 ಒಂದೇ ಅಂಕಿ. ಒಂದೇ ಹೊಡೆತವಲ್ಲ. ಸಮನಾದ ಕಡಿತ ಬಂದಾಗ ದೊಡ್ಡ ಕಂಪನಿ ಮಾಡುವ ಮೊದಲ ಕೆಲಸ ರೋಗಿಯನ್ನು ಆರಿಸುವುದು. ಮೊಣಕಾಲು ಶಸ್ತ್ರಚಿಕಿತ್ಸೆಯವರು ಬನ್ನಿ. ಮಧುಮೇಹದ ಹುಣ್ಣು ಮಾಗದೆ ವಾರಕ್ಕೆ ಮೂರು ಡ್ರೆಸ್ಸಿಂಗ್ ಬೇಕಾದವರು, ಊರಾಚೆ ನಲವತ್ತು ಮೈಲಿ ದೂರದವರು, ಕ್ಷಮಿಸಿ, ಸದ್ಯ ನಮ್ಮಲ್ಲಿ ಸಿಬ್ಬಂದಿ ಇಲ್ಲ. ಹೀಗೆ ತಿರಸ್ಕೃತರಾದವರ ಹೆಸರು ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ಬಿಲ್ಲಿನಲ್ಲಿ ಬರದವರು ಮೆಡಿಕೇರಿನ ಅಂಕಿಅಂಶದಲ್ಲೂ ಇಲ್ಲ. ಲಾಭ ಇಳಿಸಬೇಕು, ಸರಿ. ಆದರೆ ಲಾಭ ಎಲ್ಲಿದೆಯೋ ಅಲ್ಲಿ ಇಳಿಸುವ ಕಷ್ಟದ ಕೆಲಸ ಬಿಟ್ಟು ಎಲ್ಲರ ದರವನ್ನೂ ಒಂದೇ ಗೆರೆಗೆ ಕೊಯ್ಯುವುದು ಸೋಮಾರಿತನ. ಅದಕ್ಕೆ ಆರ್ಥಿಕ ಶಿಸ್ತಿನ ಹೆಸರು ಕೊಡುವುದು ಇನ್ನೂ ಕೆಟ್ಟದ್ದು.

ಬಡವರ ಮೆಡಿಕೇಡ್‌ನಲ್ಲಿ ಕಥೆ ಬೇರೆ ಬಾಗಿಲಿನಿಂದ ಶುರುವಾಗುತ್ತದೆ. ಅಯೋವಾ ರಾಜ್ಯದ ಕೇಟಿ ಬೆಕೆಟ್ ಎಂಬ ಮೂರು ವರ್ಷದ ಮಗು ಮಿದುಳಿನ ಸೋಂಕಿನ ನಂತರ ಉಸಿರಾಟದ ಯಂತ್ರದ ಆಸರೆಯಲ್ಲಿ ಆಸ್ಪತ್ರೆಯಲ್ಲೇ ಬೆಳೆಯುತ್ತಿತ್ತು. ಮನೆಗೆ ಕರೆದೊಯ್ದರೆ ಖರ್ಚು ಎಷ್ಟೋ ಕಡಿಮೆ. ಆದರೆ ಮನೆಗೆ ಬಂದ ತಕ್ಷಣ ಅಪ್ಪ ಅಮ್ಮನ ಆದಾಯ ಲೆಕ್ಕಕ್ಕೆ ಸೇರಿ ಮೆಡಿಕೇಡ್ ನಿಲ್ಲುತ್ತಿತ್ತು. 1981ರ ನವೆಂಬರಿನಲ್ಲಿ ಅಧ್ಯಕ್ಷ ರೇಗನ್ ಪತ್ರಿಕಾಗೋಷ್ಠಿಯಲ್ಲಿ ಈ ಮಗುವಿನ ವಿಷಯ ಎತ್ತಿದರು, ನಿಯಮ ಸಡಿಲವಾಯಿತು, ಕೇಟಿ ಮನೆಗೆ ಹೋದಳು. ಮೂವತ್ತನಾಲ್ಕು ವರ್ಷ ಬದುಕಿ, ಅಂಗವಿಕಲರ ಹಕ್ಕಿಗೆ ದುಡಿದು 2012ರಲ್ಲಿ ತೀರಿಕೊಂಡಳು. ಅದೇ 1981ರ ಆಗಸ್ಟಿನ ಬಜೆಟ್ ಕಾಯಿದೆ, ಮನೆಯಲ್ಲೇ ಆರೈಕೆ ಕೊಡಲು ರಾಜ್ಯಗಳಿಗೆ ವಿಶೇಷ ವಿನಾಯಿತಿಯ ಬಾಗಿಲನ್ನೂ ತೆರೆದಿತ್ತು. ಮೆಡಿಕೇಡ್‌ಗೆ ಒಕ್ಕೂಟ ಸರ್ಕಾರ ಕೊಡುವ ಹಣವನ್ನೂ ಕಡಿತ ಮಾಡಿತ್ತು. ಒಂದೇ ಕಾಯಿದೆ, ಎರಡೂ ಕೆಲಸ. ಮನೆ ಆರೈಕೆ ಅಮೆರಿಕದ ಕಾನೂನಿನೊಳಗೆ ವಿಶಾಲವಾಗಿ ಬಂದದ್ದೇ ಉಳಿತಾಯದ ಕೈಹಿಡಿದು. ಅಗ್ಗವೆಂದು ಕರೆಸಿಕೊಂಡ ಅತಿಥಿಗೆ, ಅಗ್ಗವಲ್ಲ ಎನಿಸಿದ ದಿನ ಬಾಗಿಲು ತೋರಿಸುವುದು ಸುಲಭ.

ಕಾನೂನಿನ ರಚನೆಯೇ ಹಾಗಿದೆ. ಮೆಡಿಕೇಡ್‌ನಲ್ಲಿ ವೃದ್ಧರ ಆರೈಕೆ ನಿವಾಸದ ಖರ್ಚನ್ನು ಪ್ರತಿ ರಾಜ್ಯವೂ ಭರಿಸಲೇಬೇಕು, ಅದು ಕಡ್ಡಾಯ. ಮನೆಯಲ್ಲಿ ಸ್ನಾನ, ಊಟ, ಓಡಾಟಕ್ಕೆ ನೆರವು ಕೊಡುವುದು ಬಹುಪಾಲು ಐಚ್ಛಿಕ. 1999ರಲ್ಲಿ ಓಲ್ಮ್‌ಸ್ಟೆಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಂಗವಿಕಲರನ್ನು ಕಾರಣವಿಲ್ಲದೆ ಸಂಸ್ಥೆಗಳಲ್ಲಿ ಕೂಡಿಡುವುದು ತಾರತಮ್ಯ ಎಂದು ತೀರ್ಪಿತ್ತಿದೆ. ಆದರೂ ಮನೆ ಸೇವೆಯ ವಿನಾಯಿತಿ ಯೋಜನೆಗಳ ಕಾಯುವ ಪಟ್ಟಿಗಳಲ್ಲಿ 2024ರಲ್ಲಿ ಸುಮಾರು ಏಳು ಲಕ್ಷ ಜನರ ಹೆಸರಿತ್ತು. ಈಗ 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಬೃಹತ್ ತೆರಿಗೆ ಕಾಯಿದೆ, ಸಂಸತ್ತಿನ ಬಜೆಟ್ ಕಚೇರಿಯ ಅಂದಾಜಿನಂತೆ, ಹತ್ತು ವರ್ಷದಲ್ಲಿ ಮೆಡಿಕೇಡ್‌ಗೆ ಕೇಂದ್ರ ಕೊಡುವ ಹಣದಲ್ಲಿ 90 ಸಾವಿರ ಕೋಟಿ ಡಾಲರಿಗೂ ಹೆಚ್ಚು ಇಳಿಸಲಿದೆ. ಅದರಲ್ಲಿ ‘ಮನೆ ಆರೈಕೆ’ ಎಂದು ಹೆಸರಿಸಿ ಕಡಿದದ್ದು ಏನೂ ಇಲ್ಲ, ಅದೇ ಅದರ ಚಾತುರ್ಯ. ಹಣ ಕಡಿಮೆಯಾದ ರಾಜ್ಯ ಕಡ್ಡಾಯದ್ದನ್ನು ಮುಟ್ಟುವಂತಿಲ್ಲ, ಉಳಿದದ್ದು ಐಚ್ಛಿಕ. ಕತ್ತರಿ ವಾಷಿಂಗ್‌ಟನ್ನಿನದು, ಕೊಯ್ದ ಕೈ ರಾಜ್ಯದ್ದು.

ಈ ಕೆಲಸ ಮಾಡುವವರ ಮಾತು ಬೇರೆಯೇ ಪ್ರಬಂಧ ಕೇಳುತ್ತದೆ; ಇಲ್ಲಿ ಎರಡು ಮಾತು. ಮನೆ ಸಹಾಯಕಿಯರಲ್ಲಿ ಬಹುಪಾಲು ಹೆಂಗಸರು, ಅದರಲ್ಲಿ ಕಪ್ಪುವರ್ಣೀಯರೂ ವಲಸಿಗರೂ ಹೆಚ್ಚು, ಕೂಲಿ ಗಂಟೆಗೆ 17 ಡಾಲರಿನ ಆಸುಪಾಸು. ಜಮೈಕಾದಿಂದ ಬಂದು ನ್ಯೂಯಾರ್ಕಿನಲ್ಲಿ ಇಪ್ಪತ್ತು ವರ್ಷ ಈ ಕೆಲಸ ಮಾಡಿದ ಎವೆಲಿನ್ ಕೋಕ್ ಹೆಚ್ಚುವರಿ ಗಂಟೆಗಳ ಕೂಲಿಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 2007ರಲ್ಲಿ ಸೋತಳು. 1974ರ ಕಾನೂನು ಇವರನ್ನು ಮುದುಕರಿಗೆ ‘ಜೊತೆ’ ಕೊಡುವವರೆಂದು ಕನಿಷ್ಠ ಕೂಲಿಯಿಂದ ಹೊರಗಿಟ್ಟಿತ್ತು. 2013ರಲ್ಲಿ ಒಬಾಮ ಸರ್ಕಾರ ಅದನ್ನು ಬದಲಿಸಿತು. 2025ರ ಜುಲೈಯಲ್ಲಿ ಕಾರ್ಮಿಕ ಇಲಾಖೆ ಹಳೆಯ ನಿಯಮಕ್ಕೇ ಮರಳುವ ಪ್ರಸ್ತಾಪ ಇಟ್ಟಿತು. ಆರೈಕೆ ಅಗ್ಗವಾಗಿರಲಿ ಎಂಬ ಆಸೆ ಕೊನೆಗೆ ಬಂದು ನಿಲ್ಲುವುದು ಇವರ ಸಂಬಳದ ಚೀಟಿಯಲ್ಲಿ.

ಅಮೆರಿಕದ ಕನ್ನಡ ಮನೆಗಳಿಗೆ ಇದು ದೂರದ ವಿಷಯವಲ್ಲ. ಎಪ್ಪತ್ತರ ದಶಕದಲ್ಲಿ ಹೋದ ಡಾಕ್ಟರು, ಎಂಜಿನಿಯರುಗಳು ಈಗ ತಾವೇ ಮೆಡಿಕೇರಿನ ವಯಸ್ಸಿನವರು. ಮಕ್ಕಳು ಬೇರೆ ರಾಜ್ಯದಲ್ಲಿ. ಆಮೇಲೆ ಹೋದವರು ಊರಿನಿಂದ ಅಪ್ಪ ಅಮ್ಮನನ್ನು ಗ್ರೀನ್ ಕಾರ್ಡಿನಲ್ಲಿ ಕರೆಸಿಕೊಂಡರೆ, ಐದು ವರ್ಷ ಸತತವಾಗಿ ವಾಸವಿದ್ದ ಮೇಲೆ, ಅದೂ ದೊಡ್ಡ ಕಂತು ಕಟ್ಟಿ, ಮೆಡಿಕೇರ್. ಅಲ್ಲಿಯವರೆಗೆ ಅತ್ತೆಯ ಇನ್ಸುಲಿನ್ ಸೊಸೆಯ ಜವಾಬ್ದಾರಿ. ‘ನಮ್ಮವರು ಹಿರಿಯರನ್ನು ಮನೆಯಲ್ಲೇ ನೋಡಿಕೊಳ್ಳುತ್ತಾರೆ’ ಎಂದು ಕನ್ನಡ ಕೂಟದ ವೇದಿಕೆಯಲ್ಲಿ ಹೆಮ್ಮೆಯಿಂದ ಹೇಳುವವರನ್ನು ಕೇಳಿದಾಗ, ನೋಡಿಕೊಳ್ಳುವ ಆ ‘ನಮ್ಮವರು’ ಸಭೆಗೆ ಬಂದಿದ್ದಾರೋ ಮನೆಯಲ್ಲೇ ಉಳಿದಿದ್ದಾರೋ ಎಂದು ತಿರುಗಿ ನೋಡಬೇಕೆನಿಸುತ್ತದೆ. ಇತ್ತ ಕರ್ನಾಟಕದಲ್ಲಿ ಕಡಿತ ಮಾಡಲು ಅಂಥ ಸೇವೆಯೇ ಬೆಳೆದಿಲ್ಲ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಮುಖ್ಯವಾಗಿ ಆಸ್ಪತ್ರೆ ಸೇರಿದವರ ಯೋಜನೆ. ಡಿಸ್ಚಾರ್ಜ್ ಆದ ಮೇಲೆ ಹೋಮ್ ನರ್ಸ್ ಬೇಕೆಂದರೆ ಏಜೆನ್ಸಿಗೆ ತಿಂಗಳ ಸಂಬಳ ಕೊಟ್ಟು ಇಟ್ಟುಕೊಳ್ಳಬೇಕು. ಎಷ್ಟೋ ಮನೆಗಳಲ್ಲಿ ಆ ಹಣ ಬರುವುದು ನ್ಯೂಜೆರ್ಸಿಯಿಂದಲೋ ಕ್ಯಾಲಿಫೋರ್ನಿಯಾದಿಂದಲೋ.

ಮನೆಯವರ ದುಡಿಮೆ ಲೆಕ್ಕಕ್ಕೆ ಸಿಗುವುದಿಲ್ಲ, ಅಳೆಯಲು ಬರುವುದಿಲ್ಲ ಎಂಬ ಉತ್ತರವನ್ನು ಮೆಡಿಕೇರ್ ಆಡಳಿತ ಕೊಡುವಂತಿಲ್ಲ. ಪ್ರತಿ ರೋಗಿಯ ಮನೆಯಲ್ಲೂ ಮೊದಲ ಭೇಟಿಯಲ್ಲಿ ನರ್ಸ್ ತುಂಬುವ ಓಯಾಸಿಸ್ ಎಂಬ ಉದ್ದದ ಫಾರಂ ಇದೆ. ಅದರಲ್ಲಿ ಒಂದು ಪ್ರಶ್ನೆ: ರೋಗಿ ಒಬ್ಬರೇ ಇದ್ದಾರೋ, ಯಾರೊಡನೆಯಾದರೂ ಇದ್ದಾರೋ, ವೃದ್ಧರ ವಸತಿಯಂಥ ಕಡೆ ಇದ್ದಾರೋ, ನೆರವಿಗೆ ಜನ ಇಡೀ ದಿನ ಸಿಗುತ್ತಾರೋ, ಹಗಲು ಮಾತ್ರವೋ, ರಾತ್ರಿ ಮಾತ್ರವೋ, ಯಾವಾಗಲೋ ಒಮ್ಮೆಯೋ, ಯಾರೂ ಇಲ್ಲವೋ. ಮೂರು ಅಡ್ಡಸಾಲು, ಐದು ಕಂಬಸಾಲು, ಒಟ್ಟು ಹದಿನೈದು ಚೌಕ. ನರ್ಸ್ ಒಂದಕ್ಕೆ ಗುರುತು ಹಾಕಿ ಸರ್ಕಾರಕ್ಕೆ ಕಳಿಸುತ್ತಾಳೆ. ಅದೇ ಫಾರಂನ ಬೇರೆ ಉತ್ತರಗಳಿಂದ, ಕಾಲು ಎಷ್ಟು ನಡೆಯುತ್ತದೆ, ಅಂಗಿ ತಾನೇ ಹಾಕಿಕೊಳ್ಳಬಲ್ಲರೇ ಎಂಬುದರಿಂದ, ದರ ನಿಗದಿಯಾಗುತ್ತದೆ. ಈ ಹದಿನೈದು ಚೌಕಗಳಿಗೆ 432 ವರ್ಗಗಳ ಸೂತ್ರದಲ್ಲಿ ಒಂದು ಸೆಂಟಿನ ಬೆಲೆಯೂ ಇಲ್ಲ. ಒಬ್ಬಳೇ ಇರುವ ಮುದುಕಿಗೂ, ಕೆಲಸ ಬಿಟ್ಟು ಮನೆಯಲ್ಲಿ ಕೂತ ಮಗಳಿರುವ ಮುದುಕಿಗೂ ಏಜೆನ್ಸಿಗೆ ಬರುವ ಚೆಕ್ ಒಂದೇ. ಮುಂದಿನ ಬೇಸಿಗೆಯ ಕರಡು ನಿಯಮದಲ್ಲಿ ಕಡಿತ ಶೇಕಡಾ ಎಷ್ಟು ಎಂದು ಹುಡುಕುವ ಮೊದಲು ನಾನು ಈ ಪ್ರಶ್ನೆ ಸೂತ್ರದೊಳಗೆ ಬಂತೇ ಎಂದು ನೋಡುತ್ತೇನೆ.